ಸತ್ತವರು ಹೂಡಿದ ದಾವೆ: ಹೆನ್ರಿ ಕೇಬಲ್ ಮತ್ತು ಸುಸಾನಾ ಹೋಮ್ಸ್ ಪ್ರಕರಣ

1788ರ ಜುಲೈ 1. ಸಿಡ್ನಿ ಕೋವ್ ಎಂಬ ಸಣ್ಣ ಕೊಲ್ಲಿಯ ದಡದಲ್ಲಿ ಆಗ ಇದ್ದದ್ದು ಟೆಂಟುಗಳು, ತಡಿಕೆಗೆ ಮಣ್ಣು ಮೆತ್ತಿದ ಗುಡಿಸಲುಗಳು, ಕಡಿದು ಬಿದ್ದ ಮರಗಳು. ಬ್ರಿಟಿಷರು ಅಲ್ಲಿ ಬಂದಿಳಿದು ಆರು ತಿಂಗಳೂ ತುಂಬಿರಲಿಲ್ಲ. ಅಂದು ಗಂಡ ಹೆಂಡತಿ ಇಬ್ಬರು ಒಂದು ಫಿರ್ಯಾದು ಕೊಟ್ಟರು. ಬರೆದವರು ಬೇರೆಯವರು. ಓದು ಬರಹ ಬಾರದ ಇವರು ಕೆಳಗೆ ಕತ್ತರಿ ಗುರುತು ಹಾಕಿದರು. ನಮ್ಮಲ್ಲಾದರೆ ಹೆಬ್ಬೆಟ್ಟು ಒತ್ತುತ್ತಿದ್ದರು.

ಫಿರ್ಯಾದಿನ ಸಾರ ಇಷ್ಟೇ. ಇಂಗ್ಲೆಂಡಿನಲ್ಲಿ ದಾನಿಗಳು ಹಣ ಕೂಡಿಸಿ, ಇವರಿಗೂ ಇವರ ಕೂಸಿಗೂ ಬಟ್ಟೆಬರೆ ಮತ್ತಿತರ ಸಾಮಾನು ಕೊಂಡು ಗಂಟು ಕಟ್ಟಿ ‘ಅಲೆಕ್ಸಾಂಡರ್’ ಹಡಗಿಗೆ ಹಾಕಿದ್ದರು. ಹಲವು ಸಲ ಕೇಳಿದರೂ ಸಿಕ್ಕಿದ್ದು ಕೆಲವು ಪುಸ್ತಕ ಮಾತ್ರ. ಬೆಲೆಬಾಳುವ ಉಳಿದ ಸಾಮಾನು ಕೊಟ್ಟಿಲ್ಲ. ಹಡಗಿನ ಕ್ಯಾಪ್ಟನ್ ಡಂಕನ್ ಸಿಂಕ್ಲೇರ್ ಇದಕ್ಕೆ ಉತ್ತರ ಕೊಡಬೇಕು.

ಅಕ್ಷರ ಬಾರದವರ ಕೈಗೆ ಪುಸ್ತಕಗಳಷ್ಟೇ ತಲುಪಿದವು ಎಂಬುದು ಮನಸ್ಸಿಗೆ ಚುಚ್ಚುತ್ತದೆ. ಆದರೆ ಈ ಪ್ರಕರಣದ ಅಸಲಿ ತೊಡಕು ಬೇರೆ. ಫಿರ್ಯಾದು ಕೊಟ್ಟ ಇಬ್ಬರೂ ಕಳ್ಳತನಕ್ಕಾಗಿ ಗಲ್ಲುಶಿಕ್ಷೆ ಪಡೆದು, ಅದು ಗಡೀಪಾರಿಗೆ ಇಳಿದು ಬಂದ ಕೈದಿಗಳು. ಇಂಗ್ಲೆಂಡಿನ ಕಾನೂನಿನ ಲೆಕ್ಕದಲ್ಲಿ ಇಂಥವರು, ಉಸಿರಾಡುತ್ತಿದ್ದರೂ, ಕ್ಷಮಾಪಣೆ ಸಿಗುವ ತನಕ ಸತ್ತವರೇ. ಆಸ್ತಿ ಇಟ್ಟುಕೊಳ್ಳುವಂತಿಲ್ಲ, ದಾವೆ ಹೂಡುವಂತಿಲ್ಲ. ಬದುಕಿದ್ದವರ ಹೆಸರಲ್ಲಿ ಘಟಶ್ರಾದ್ಧ ಮಾಡಿ ಹೊರಹಾಕುವ ಪದ್ಧತಿ ನಮ್ಮಲ್ಲಿತ್ತಲ್ಲ, ಅದನ್ನು ಕೇಳಿ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಗೆ ಸತ್ತ ಇಬ್ಬರು ಒಬ್ಬ ಕ್ಯಾಪ್ಟನ್ನನ ಮೇಲೆ ದಾವೆ ಹೂಡಿದ್ದರು. ಆ ನೆಲದಲ್ಲಿ ಕೂತ ಮೊದಲ ಸಿವಿಲ್ ನ್ಯಾಯಾಲಯದ ಮುಂದೆ ಬಂದ ಮೊದಲ ದಾವೆಯೂ ಅದೇ.

ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ಐದು ವರ್ಷ ಹಿಂದಕ್ಕೆ, ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ಫೋಕ್ ಸೀಮೆಗೆ ಹೋಗಬೇಕು.

ನಾರ್ವಿಚ್ ಕೋಟೆಯ ಸೆರೆಮನೆ

ಹೆನ್ರಿ ಕೇಬಲ್ ಹುಟ್ಟಿದ್ದು ಪಕ್ಕದ ಸಫೋಕ್ ಸೀಮೆಯ ಲ್ಯಾಕ್ಸ್‌ಫೀಲ್ಡ್ ಹಳ್ಳಿಯಲ್ಲಿ. 1783ರ ಆರಂಭದಲ್ಲಿ, ಇಪ್ಪತ್ತರ ಆಸುಪಾಸಿನ ಈ ಹುಡುಗ ತನ್ನ ಅಪ್ಪ ಮತ್ತು ಇನ್ನೊಬ್ಬನ ಜೊತೆ ಸೇರಿ ಆಲ್ಬರ್ಗ್ ಎಂಬ ಹಳ್ಳಿಯ ಒಂದು ದೊಡ್ಡ ಮನೆಗೆ ಕನ್ನ ಹಾಕಿದ. ಮನೆಯವರು ಊರಲ್ಲಿರಲಿಲ್ಲ. ಒಯ್ಯಲಾಗುವುದನ್ನೆಲ್ಲ ಇವರು ಒಯ್ದರು: ಮಂಚದ ಪರದೆ ಬಿಚ್ಚಿದರು, ಜಾಡಿಯಲ್ಲಿ ಉಪ್ಪು ಹಾಕಿಟ್ಟ ಮಾಂಸವನ್ನೂ ಬಿಡಲಿಲ್ಲ, ಅಲ್ಲೇ ಕೂತು ವೈನ್ ಕುಡಿದು ಖಾಲಿ ಬಾಟಲಿ ಬಿಟ್ಟು ಹೋದರು. ಥೆಟ್‌ಫರ್ಡ್ ಪಟ್ಟಣದಲ್ಲಿ ವಿಚಾರಣೆ ನಡೆದು ಮೂವರಿಗೂ ಗಲ್ಲುಶಿಕ್ಷೆ ಆಯಿತು. ಅಪ್ಪನನ್ನೂ ಜೊತೆಗಾರನನ್ನೂ ನಾರ್ವಿಚ್ ಕೋಟೆಯ ಬಳಿ ನೇಣಿಗೇರಿಸಿದರು. ಮಗನ ಶಿಕ್ಷೆಯನ್ನು ಅಮೆರಿಕಕ್ಕೆ ಗಡೀಪಾರು ಎಂದು ತಗ್ಗಿಸಿದರು.

ಸುಸಾನಾ ಹೋಮ್ಸ್ ನಾರ್ಫೋಕ್‌ನವಳೇ, ಹೆನ್ರಿಗಿಂತ ಸ್ವಲ್ಪ ಚಿಕ್ಕವಳು. ಒಂದು ಮನೆಯಿಂದ ಬಟ್ಟೆ, ಬೆಳ್ಳಿಯ ಚಮಚಗಳನ್ನು ಕದ್ದಳೆಂದು 1784ರಲ್ಲಿ ಅವಳಿಗೂ ಗಲ್ಲು ವಿಧಿಸಿ, ಆಮೇಲೆ 14 ವರ್ಷದ ಗಡೀಪಾರಿಗೆ ಇಳಿಸಿದರು. ಕೆಲವು ಪೌಂಡಿನ ಮಾಲಿಗೆ ಒಂದು ಜೀವ! ಆದರೆ ಆಗಿನ ಇಂಗ್ಲೆಂಡಿನಲ್ಲಿ ಮರಣದಂಡನೆಗೆ ಗುರಿಯಾಗಬಹುದಾದ ಅಪರಾಧಗಳು ಇನ್ನೂರು ಮೀರಿದ್ದವು. ಪೊಲೀಸ್ ವ್ಯವಸ್ಥೆ ಎಂಬುದು ಹೆಚ್ಚುಕಡಿಮೆ ಇರಲೇ ಇಲ್ಲ, ಹೆದರಿಕೆಯೇ ಪೊಲೀಸ್. ಗಲ್ಲು ವಿಧಿಸುವುದು, ಆಮೇಲೆ ದೊರೆಯ ಕರುಣೆ ಎಂದು ಹಲವರನ್ನು ಸಮುದ್ರದಾಚೆ ಸಾಗಿಸುವುದು, ಹೀಗೆ ಎರಡು ಕೈಯಲ್ಲೂ ಆಳುವ ಏರ್ಪಾಡು ಅದು. ಮುಂದೆ ಭಾರತದಲ್ಲೂ ಇದೇ ಶಿಕ್ಷೆ ಬಳಕೆಗೆ ಬಂತು. ನಮ್ಮವರು ಅದನ್ನು ಕರಿನೀರಿನ ಶಿಕ್ಷೆ ಎಂದರು.

ಸಾಗಿಸಲು ಜಾಗವೇ ಇಲ್ಲದ್ದು ಆಗ ಸರ್ಕಾರಕ್ಕೆ ತಲೆನೋವಾಗಿತ್ತು. 1718ರ ಕಾಯ್ದೆಯಿಂದ ಮೊದಲುಗೊಂಡು ಕೈದಿಗಳನ್ನು ಅಮೆರಿಕದ ವಸಾಹತುಗಳಿಗೆ ಕಳಿಸುತ್ತಿದ್ದರು. ಅಮೆರಿಕನ್ನರು ಬಂಡೆದ್ದ ಮೇಲೆ ಆ ಬಾಗಿಲು ಮುಚ್ಚಿತು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನೆ ಶರಣಾದ ಮೇಲೆ ಅದು ಮತ್ತೆ ತೆರೆಯುವ ಆಸೆಯೂ ಉಳಿಯಲಿಲ್ಲ. ಅಲ್ಲಿ ಸೋತ ಸೇನಾಪತಿ ಕಾರ್ನ್‌ವಾಲಿಸ್ ನಮಗೆ ಗೊತ್ತಿರುವವನೇ. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಮಕ್ಕಳನ್ನು ಒತ್ತೆಯಿಟ್ಟುಕೊಂಡವನು. ಇಂಗ್ಲೆಂಡಿನ ಸೆರೆಮನೆಗಳು ಕಿಕ್ಕಿರಿದವು. ಹಾಯಿಪಟ ಕಳಚಿದ ಹಳೆಯ ಹಡಗುಗಳನ್ನು ಬಂದರುಗಳಲ್ಲಿ ನಿಲ್ಲಿಸಿ ತೇಲುವ ಜೈಲು ಮಾಡಿಕೊಂಡರು. ಹೆನ್ರಿಯಂಥವರು ಎಲ್ಲಿಗೂ ಹೋಗದೆ ವರ್ಷಗಟ್ಟಲೆ ಕೋಟೆಯ ಸೆರೆಮನೆಯಲ್ಲೇ ಉಳಿದರು.

ಅಲ್ಲೇ ಹೆನ್ರಿ, ಸುಸಾನಾ ಪರಿಚಯವಾದರು. 1786ರಲ್ಲಿ ಅವರಿಗೊಂದು ಗಂಡು ಮಗು ಹುಟ್ಟಿತು. ಅದಕ್ಕೂ ಹೆನ್ರಿ ಎಂದೇ ಹೆಸರಿಟ್ಟರು. ಮದುವೆಗೆ ಅನುಮತಿ ಕೇಳಿದರೆ ಸಿಗಲಿಲ್ಲ. ಅದೇ ವರ್ಷ ಸರ್ಕಾರ ಕೈದಿಗಳನ್ನು ಆಸ್ಟ್ರೇಲಿಯಾದ ಬಾಟನಿ ಬೇಗೆ ಕಳಿಸಲು ತೀರ್ಮಾನಿಸಿ, ನಾರ್ವಿಚ್‌ನಿಂದ ಕೆಲವು ಹೆಂಗಸರನ್ನು ಕರೆಸಿಕೊಂಡಿತು. ಪಟ್ಟಿಯಲ್ಲಿ ಸುಸಾನಾಳ ಹೆಸರಿತ್ತು, ಹೆನ್ರಿಯ ಹೆಸರಿರಲಿಲ್ಲ.

ಸಿಂಪ್ಸನ್ ಎಂಬ ಕಾವಲುಗಾರ

ಹೆಂಗಸರನ್ನು ಪ್ಲಿಮತ್ ಬಂದರಿಗೆ ಕರೆದೊಯ್ಯುವ ಹೊಣೆ ಸೆರೆಮನೆಯ ಕಾವಲುಗಾರ ಜಾನ್ ಸಿಂಪ್ಸನ್‌ನದು. ಸುಸಾನಾಳ ಮಡಿಲಲ್ಲಿ ಮೊಲೆಹಾಲು ಬಿಡದ ಕೂಸು. ಇಂಗ್ಲೆಂಡಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಚಳಿಯಲ್ಲಿ ಕುದುರೆಗಾಡಿಯ ಪಯಣ. ಪ್ಲಿಮತ್‌ನಲ್ಲಿ ‘ಡಂಕರ್ಕ್’ ಎಂಬ ತೇಲುವ ಜೈಲಿನ ಬಳಿ ದೋಣಿ ಹೋದಾಗ ಅದರ ಅಧಿಕಾರಿ ತಾಯಿಯನ್ನು ಒಳಗೆ ಸೇರಿಸಿಕೊಂಡ, ಕೂಸನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ತನಗೆ ಬಂದ ಆದೇಶದಲ್ಲಿ ಮಗುವಿನ ಮಾತಿಲ್ಲ ಎಂಬುದು ಅವನ ವಾದ. ತಾಯಿಯ ಕೈಯಿಂದ ಮಗುವನ್ನು ಬಿಡಿಸಿ ಕಾವಲುಗಾರನ ಕೈಗೆ ಕೊಟ್ಟರು.

ಸಿಂಪ್ಸನ್ ಆ ಕೂಸನ್ನು ಯಾವುದಾದರೂ ಅನಾಥಾಲಯಕ್ಕೆ ಕೊಟ್ಟು ಊರಿಗೆ ಮರಳಬಹುದಿತ್ತು. ಯಾರೂ ಅವನನ್ನು ಪ್ರಶ್ನಿಸುತ್ತಿರಲಿಲ್ಲ. ಅವನು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಲಂಡನ್ನಿನ ಗಾಡಿ ಹತ್ತಿದ. ದಾರಿಯುದ್ದಕ್ಕೂ ಸಿಕ್ಕಿದ್ದನ್ನು ಕುಡಿಸುತ್ತಾ, ಸಮಾಧಾನ ಮಾಡುತ್ತಾ ಹೋದ. ಗೃಹ ಮಂತ್ರಿ ಲಾರ್ಡ್ ಸಿಡ್ನಿಯ ಕಚೇರಿಯಲ್ಲಿ ಮೊದಲು ಒಳಗೇ ಬಿಡಲಿಲ್ಲ. ಅವನು ಅಲ್ಲಿಂದ ಕದಲಲಿಲ್ಲ. ಮಂತ್ರಿ ಮೆಟ್ಟಿಲಿಳಿದು ಬರುವುದನ್ನು ಕಂಡು, ಕೂಸನ್ನು ಎತ್ತಿಕೊಂಡೇ ಅಡ್ಡ ಹೋಗಿ ನಿಂತು ಕಥೆ ಹೇಳಿದ. ಮಗುವನ್ನು ತಾಯಿಗೆ ಒಪ್ಪಿಸಬೇಕು, ತಂದೆಯನ್ನೂ ಜೊತೆಗೆ ಕಳಿಸಬೇಕು ಎಂದು ಮಂತ್ರಿ ಆದೇಶ ಕೊಟ್ಟ. ಸಿಂಪ್ಸನ್ ನಾರ್ವಿಚ್‌ಗೆ ಹೋಗಿ ಹೆನ್ರಿಯನ್ನು ಕರೆದುಕೊಂಡು ಮತ್ತೆ ಪ್ಲಿಮತ್‌ಗೆ ಬಂದ. ಆ ಕೂಸಿನ ಜೊತೆ ಅವನು ಸುತ್ತಿದ್ದು 700 ಮೈಲಿಗೂ ಹೆಚ್ಚು ಎಂದು ಅಂದಿನ ಪತ್ರಿಕೆಗಳಲ್ಲಿ ಬಂತು.

ಈ ಪ್ರಕರಣ ಓದುವಾಗಲೆಲ್ಲ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ. ಹಡಗಿನ ಅಧಿಕಾರಿಗೂ ಕಾವಲುಗಾರನಿಗೂ ಇದ್ದದ್ದು ಒಂದೇ ಆದೇಶ, ಒಂದೇ ಕಾಗದ. ಅದರಲ್ಲಿ ಮಗುವಿನ ಹೆಸರಿಲ್ಲ ಎಂಬುದನ್ನೇ ಒಬ್ಬ ಬೇಡ ಎನ್ನಲು ಕಾರಣ ಮಾಡಿಕೊಂಡ. ಹೆಸರಿಲ್ಲದಿದ್ದರೆ ಬರೆಸಿಕೊಂಡು ಬರಬೇಕು ಎಂದು ಇನ್ನೊಬ್ಬ ಲಂಡನ್ನಿಗೆ ಹೊರಟ. ಮುಂದಿನ ಕಥೆಯೆಲ್ಲ ಈ ಎರಡನೆಯವನಿಂದ ಹುಟ್ಟಿದ್ದು.

ಸುದ್ದಿ ಪತ್ರಿಕೆಗಳಲ್ಲಿ ಬಂದು ಜನರ ಮನ ಕರಗಿತು. ಲೇಡಿ ಕಡೋಗನ್ ಎಂಬಾಕೆ ಮುಂದೆ ನಿಂತು 20 ಪೌಂಡ್ ಚಂದಾ ಎತ್ತಿಸಿದಳು. ಆ ಹಣದಲ್ಲಿ ಕೊಂಡ ಸಾಮಾನೇ ಅಲೆಕ್ಸಾಂಡರ್ ಹಡಗು ಹತ್ತಿದ ಗಂಟು.

ಗಂಟು ಒಂದು ಹಡಗಿನಲ್ಲಿ, ಸಂಸಾರ ಇನ್ನೊಂದರಲ್ಲಿ. 1787ರ ಮೇ 13ರಂದು ಪೋರ್ಟ್ಸ್‌ಮತ್‌ನಿಂದ 11 ಹಡಗುಗಳು ಹೊರಟವು. ಕೇಬಲ್ ಕುಟುಂಬ ಇದ್ದದ್ದು ‘ಫ್ರೆಂಡ್‌ಶಿಪ್’ನಲ್ಲಿ. ಟೆನೆರೀಫ್, ರಿಯೊ ಡಿ ಜನೈರೊ, ಗುಡ್ ಹೋಪ್ ಭೂಶಿರ ಎಂದು ಸುತ್ತುಬಳಸಿನ ದಾರಿ. ಭೂಶಿರದಲ್ಲಿ ಕುರಿಗಳನ್ನು ತುಂಬಿಸಲು ಜಾಗ ಬೇಕೆಂದು ಫ್ರೆಂಡ್‌ಶಿಪ್‌ನ ಹೆಂಗಸರನ್ನು ಬೇರೆ ಹಡಗುಗಳಿಗೆ ಹಂಚಿದರು. ಅಷ್ಟು ಪಾಡುಪಟ್ಟು ಒಂದಾದ ಸಂಸಾರ ಕುರಿಗಳಿಗಾಗಿ ಮತ್ತೆ ಬೇರೆಯಾಯಿತು. ಸುಸಾನಾ ಮತ್ತು ಮಗು ಉಳಿದ ದಾರಿಯನ್ನು ‘ಷಾರ್ಲೆಟ್’ನಲ್ಲಿ ಕಳೆದರು. 1788ರ ಜನವರಿ 26ರಂದು ಹಡಗುಗಳು ಹೊಸ ಕೊಲ್ಲಿಯಲ್ಲಿ ಲಂಗರು ಹಾಕಿದವು. ಆ ಕೊಲ್ಲಿಗೆ ಇಟ್ಟ ಹೆಸರು, ಸಿಂಪ್ಸನ್ ಮೆಟ್ಟಿಲ ಬಳಿ ತಡೆದು ನಿಲ್ಲಿಸಿದ ಆ ಮಂತ್ರಿಯದು.

ಫೆಬ್ರವರಿ 10ರಂದು ಪಾದ್ರಿ ರಿಚರ್ಡ್ ಜಾನ್ಸನ್ ಐದು ಜೋಡಿಗಳಿಗೆ ಮದುವೆ ಮಾಡಿಸಿದ. ಅವುಗಳಲ್ಲಿ ಹೆನ್ರಿ, ಸುಸಾನಾ ಒಂದು ಜೋಡಿ. ವಿಲಿಯಂ ಬ್ರಯಂಟ್, ಮೇರಿ ಇನ್ನೊಂದು. ಈ ಎರಡನೆಯ ಜೋಡಿ 1791ರಲ್ಲಿ ಎರಡು ಮಕ್ಕಳೊಂದಿಗೆ, ಇನ್ನೂ ಏಳು ಕೈದಿಗಳನ್ನು ಕರೆದುಕೊಂಡು, ತೆರೆದ ದೋಣಿಯಲ್ಲಿ ತಿಮೋರ್‌ವರೆಗೆ ತಪ್ಪಿಸಿಕೊಂಡು ಹೋಯಿತು. ಕೊನೆಗೆ ಗಂಡನನ್ನೂ ಎರಡೂ ಮಕ್ಕಳನ್ನೂ ಕಳೆದುಕೊಂಡು ಮೇರಿ ಒಬ್ಬಳೇ ಇಂಗ್ಲೆಂಡಿನ ಜೈಲು ಸೇರಿ, 1793ರಲ್ಲಿ ಕ್ಷಮಾಪಣೆ ಪಡೆದಳು. ಒಂದೇ ಹಂದರದಡಿ ನಿಂತವರ ಹಣೆಬರಹ ಎಷ್ಟು ಬೇರೆಯಾಯಿತು!

ಹದಿನೈದು ಪೌಂಡ್

ಈಗ ದಾವೆಗೆ ಮರಳೋಣ. ನ್ಯಾಯಾಧಿಕಾರಿ ಡೇವಿಡ್ ಕಾಲಿನ್ಸ್ ವಕೀಲನಲ್ಲ, ನೌಕಾ ಸೈನ್ಯದ ಅಧಿಕಾರಿ. ವಸಾಹತಿನಲ್ಲಿ ಒಬ್ಬ ವಕೀಲನೂ ಇರಲಿಲ್ಲ. 1787ರ ರಾಜಶಾಸನದ ಪ್ರಕಾರ ಸಿವಿಲ್ ನ್ಯಾಯಾಲಯವೆಂದರೆ ನ್ಯಾಯಾಧಿಕಾರಿ ಮತ್ತು ಅಲ್ಲಿ ವಾಸಿಸುವ ಇಬ್ಬರು ತಕ್ಕ ವ್ಯಕ್ತಿಗಳು. ಕಾಲಿನ್ಸ್ ಜೊತೆ ಕೂತವರು, ಇವರ ಮದುವೆ ಮಾಡಿಸಿದ ಪಾದ್ರಿ ಜಾನ್ಸನ್ ಮತ್ತು ವೈದ್ಯ ಜಾನ್ ವೈಟ್.

ಕಾಲ ಕಡಿಮೆಯಿತ್ತು. ಅಲೆಕ್ಸಾಂಡರ್ ಇಂಗ್ಲೆಂಡಿಗೆ ಮರಳಲು ಸಜ್ಜಾಗುತ್ತಿತ್ತು. ಜುಲೈ 14ರಂದು ಅದು ಹೊರಟೇ ಹೋಯಿತು. ಅದರ ನಂತರ ಫಿರ್ಯಾದು ಕೊಟ್ಟಿದ್ದರೆ ಪ್ರತಿವಾದಿ ಕೈಗೆ ಸಿಗುತ್ತಿರಲಿಲ್ಲ.

ಗಂಟು ಹಡಗಿಗೆ ಬಂದದ್ದನ್ನು ಕ್ಯಾಪ್ಟನ್ ಅಲ್ಲಗಳೆಯಲಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುವಾಗ ಗಂಟು ಒಡೆದು ಪುಸ್ತಕಗಳು ಉದುರಿದವು, ಅವನ್ನು ಕೊಟ್ಟಾಯಿತು, ಉಳಿದದ್ದು ಎಲ್ಲಿ ಹೋಯಿತೋ ಕಾಣೆ ಎಂಬುದು ಹಡಗಿನವರ ವಿವರಣೆ. ಒಪ್ಪಿಸಿಕೊಂಡ ಮಾಲಿಗೆ ಹಡಗಿನ ಯಜಮಾನ ಹೊಣೆ ಎಂದು ನ್ಯಾಯಾಲಯ ಎಣಿಸಿತು. 15 ಪೌಂಡ್ ಕೊಡಬೇಕೆಂದು ತೀರ್ಪಾಯಿತು.

ಕಾನೂನು ಬಲ್ಲವರು ಇಲ್ಲಿ ಹುಬ್ಬೇರಿಸುತ್ತಾರೆ. ಇಂಗ್ಲೆಂಡಿನ ಯಾವುದೇ ನ್ಯಾಯಾಲಯದಲ್ಲಿ ಒಂದು ಮಾತು ಸಾಕಿತ್ತು: ಇವರು ಗಲ್ಲುಶಿಕ್ಷೆಯ ಕೈದಿಗಳು, ಇವರಿಗೆ ದಾವೆಯ ಹಕ್ಕಿಲ್ಲ. ಅಲ್ಲಿಗೆ ಮುಗಿಯಿತು. ಸಿಡ್ನಿಯಲ್ಲಿ ಹಾಗಾಗಲಿಲ್ಲ. ಫಿರ್ಯಾದಿನಲ್ಲಿ ಅವರನ್ನು ಕೈದಿಗಳೆಂದು ಕರೆದೇ ಇಲ್ಲ; ‘ಈ ಸ್ಥಳದಲ್ಲಿ ಹೊಸದಾಗಿ ನೆಲೆಸಿದವರು’ ಎಂದು ಬರೆದಿದೆ. ಇದನ್ನು ಬರೆದ ಕೈ ತಿಳಿಯದೆ ಬರೆಯಿತು ಎಂದು ನನಗೆ ಅನ್ನಿಸುವುದಿಲ್ಲ. ಅವರು ಕೈದಿಗಳೆಂಬುದು ಪೀಠದಲ್ಲಿ ಕೂತ ಮೂವರಿಗೂ ಗೊತ್ತಿತ್ತು. ಇಡೀ ಕೊಲ್ಲಿಗೇ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ದಾಖಲೆ ತೋರಿಸಿ ರುಜುವಾತು ಮಾಡುವುದು ಬೇರೆ. ತೀರ್ಪಿನ ದಾಖಲೆಗಳೆಲ್ಲ ಇಂಗ್ಲೆಂಡಿನಲ್ಲಿ ಉಳಿದಿದ್ದವು. ಯಾರ ಶಿಕ್ಷೆ ಯಾವಾಗ ಮುಗಿಯುತ್ತದೆ ಎಂಬ ಕಾಗದವೂ ಗವರ್ನರ್ ಆರ್ಥರ್ ಫಿಲಿಪ್ ಬಳಿ ಇರಲಿಲ್ಲ.

ಇದರ ಹಿಂದೆ ಆಡಳಿತದ ಅಗತ್ಯವೂ ಇತ್ತು. ಆ ದಡದಲ್ಲಿದ್ದ ಹೆಚ್ಚಿನವರು ಕೈದಿಗಳು. ಅವರಿಗೆ ಆಸ್ತಿಯ ಹಕ್ಕಿಲ್ಲ, ಮೋಸವಾದರೆ ಕೇಳುವ ಹಕ್ಕಿಲ್ಲ ಎಂದರೆ ಅಲ್ಲಿ ಕೊಡುಕೊಳ್ಳುವಿಕೆ ಎಂಬುದೇ ನಡೆಯುವಂತಿಲ್ಲ. ಕಾಲಿನ್ಸ್ ಇದನ್ನು ಸಿದ್ಧಾಂತವಾಗಿ ಎಲ್ಲೂ ಮಂಡಿಸಲಿಲ್ಲ, ತನ್ನೆದುರು ಬಂದ ನಷ್ಟವನ್ನು ನೋಡಿ ತುಂಬಿಸಿಕೊಟ್ಟ. ಮುಂದೆ ದಶಕಗಳ ಕಾಲ ಕೈದಿಗಳು, ಮಾಜಿ ಕೈದಿಗಳು ಅಲ್ಲಿನ ನ್ಯಾಯಾಲಯಗಳಲ್ಲಿ ದಾವೆ ಹೂಡುತ್ತಲೇ ಹೋದರು. 1819ರಲ್ಲಿ ಲಂಡನ್ನಿನ ನ್ಯಾಯಾಲಯವೊಂದು ಹಳೆಯ ಕಾನೂನನ್ನು ಎತ್ತಿ ಹಿಡಿದಾಗ ಸಿಡ್ನಿಯ ಮಾಜಿ ಕೈದಿಗಳು ಕಂಗಾಲಾದರು. 1823ರ ಕಾಯ್ದೆ ಬಂದ ಮೇಲೆ, ಕ್ಷಮಾಪಣೆ ಪಡೆದವರಿಗೆ ಆ ಭಯ ತಪ್ಪಿತು.

ಆಸ್ಟ್ರೇಲಿಯಾದಲ್ಲಿ ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದ್ದೇ. ಆದರೆ ‘ಹೊಸದಾಗಿ ನೆಲೆಸಿದವರು’ ಎಂಬ ಮಾತನ್ನು ಓದುವಾಗ ನನಗೆ ಇನ್ನೊಂದು ಸಂಗತಿಯೂ ಕಾಡುತ್ತದೆ. ಆ ಸ್ಥಳದಲ್ಲಿ ಹಳೆಯದಾಗಿ ನೆಲೆಸಿದವರು ಗಡಿಗಲ್ ಜನ. 1789ರಲ್ಲಿ ಬಂದ ಸಿಡುಬು ಸಿಡ್ನಿಯ ಸುತ್ತಿನ ಮೂಲನಿವಾಸಿಗಳನ್ನು ದಾರುಣವಾಗಿ ಕೊಂದಿತು. ಕಳೆದುಹೋದ ಗಂಟಿಗೆ ಹಣ ಕೊಡಿಸಿದ ಆ ನ್ಯಾಯಾಲಯದಲ್ಲಿ, ಕಳೆದುಹೋದ ನೆಲಕ್ಕಾಗಿ ಫಿರ್ಯಾದು ಕೊಡುವ ದಾರಿ ಗಡಿಗಲ್ ಜನರಿಗೆ ಇರಲಿಲ್ಲ.

ಕೈದಿಯೇ ಕಾನ್‌ಸ್ಟೇಬಲ್

ಹೆನ್ರಿ ಬೇಗ ಮೇಲೆ ಬಂದ. ಮೊದಲು ಕೈದಿಗಳ ಕೆಲಸಕ್ಕೆ ಮೇಸ್ತ್ರಿ, ಆಮೇಲೆ ಕಾನ್‌ಸ್ಟೇಬಲ್, ಕೊನೆಗೆ ಮುಖ್ಯ ಕಾನ್‌ಸ್ಟೇಬಲ್. ಕನ್ನ ಹಾಕಿದವನ ಕೈಗೇ ಊರ ಕಾವಲು! ಬೇರೆ ದಾರಿಯೂ ಇರಲಿಲ್ಲ. ಕಾಯಬೇಕಾದವರೂ ಕಾಯಿಸಿಕೊಳ್ಳಬೇಕಾದವರೂ ಅದೇ ಹಡಗುಗಳಿಂದ ಇಳಿದವರು. 1798ರಲ್ಲಿ ಅವನು ‘ರಾಂಪಿಂಗ್ ಹಾರ್ಸ್’ ಎಂಬ ಹೋಟೆಲು ತೆರೆದ, ಅಂಗಡಿ ಇಟ್ಟ, ಜಮೀನು ಕೂಡಿಸಿದ. 1802ರಲ್ಲಿ, ಬಂದರಿನ ನಿಯಮ ಮೀರಿ ಹಡಗೊಂದರಿಂದ ಹಂದಿಗಳನ್ನು ಕೊಂಡು ತಂದದ್ದಕ್ಕೆ ಮುಖ್ಯ ಕಾನ್‌ಸ್ಟೇಬಲ್ ಕೆಲಸ ಹೋಯಿತು. ವ್ಯಾಪಾರ ನಿಲ್ಲಲಿಲ್ಲ.

ಜೇಮ್ಸ್ ಅಂಡರ್‌ವುಡ್ ಎಂಬ ಹಡಗು ಕಟ್ಟುವವನ ಜೊತೆ ಸೇರಿ ಬಾಸ್ ಜಲಸಂಧಿಯಲ್ಲಿ ಸೀಲ್ ಬೇಟೆಗೆ ಇಳಿದ. ತೊಗಲಿಗೆ ಹೊರಗೆ ಒಳ್ಳೆಯ ಬೆಲೆಯಿತ್ತು. ಕೆಲವೇ ವರ್ಷಗಳಲ್ಲಿ ಆ ದ್ವೀಪಗಳ ಸೀಲ್‌ಗಳು ಬರಿದಾಗುತ್ತ ಬಂದವು, ಅಷ್ಟು ಕೊಂದರು. 1805ರಲ್ಲಿ ಸೈಮಿಯನ್ ಲಾರ್ಡ್ ಜೊತೆಗೂಡಿದ. ಅಂಡರ್‌ವುಡ್, ಲಾರ್ಡ್ ಇಬ್ಬರೂ ಕೈದಿಗಳಾಗಿ ಬಂದವರೇ. ಲಾರ್ಡ್ ಕದ್ದದ್ದು ನೂರಾರು ಗಜ ಕ್ಯಾಲಿಕೊ ಮತ್ತು ಮಸ್ಲಿನ್ ಬಟ್ಟೆ; ಕ್ಯಾಲಿಕೊ ಎಂಬ ಹೆಸರು ಹುಟ್ಟಿದ್ದು ನಮ್ಮ ಕರಾವಳಿಯ ಕೆಳಗಿನ ಕಲ್ಲಿಕೋಟೆಯಿಂದ. ಮ್ಯಾಂಚೆಸ್ಟರ್‌ನ ಜ್ಯೂರಿ ಅಷ್ಟು ಬಟ್ಟೆಗೆ ಹತ್ತು ಪೆನ್ನಿ ಬೆಲೆ ಕಟ್ಟಿತು. ನಿಜವಾದ ಬೆಲೆ ಬರೆದಿದ್ದರೆ ಶಿಕ್ಷೆ ಘೋರವಾಗಬಹುದಿತ್ತು. ಕ್ರೂರ ಕಾನೂನಿನೊಳಗೆ ಕೂತ ಜನ ಹೀಗೂ ದಾರಿ ಹುಡುಕುತ್ತಿದ್ದರು. ಕಾಗದದಲ್ಲಿ ಏನು ಬರೆಯುತ್ತೇವೆ ಎಂಬುದರ ಮೇಲೆ ಒಂದು ಬದುಕು ನಿಲ್ಲುತ್ತದೆಂದು ಆ ಜ್ಯೂರಿಗೂ ತಿಳಿದಿತ್ತು, ಸಿಡ್ನಿಯ ಆ ಫಿರ್ಯಾದು ಬರೆದವನಿಗೂ ತಿಳಿದಿತ್ತು.

ಈ ಮೂವರ ಹಡಗುಗಳಿಗೆ ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯ ದೊಡ್ಡ ಅಡ್ಡಿ. ಗವರ್ನರ್‌ಗಳ ಜೊತೆಗೂ ಜಟಾಪಟಿ. 1807ರಲ್ಲಿ ಗವರ್ನರ್ ಬ್ಲೈಗೆ ಬರೆದ ಪತ್ರದ ಧಾಟಿ ಸರಿಯಿಲ್ಲವೆಂದು ಮೂವರಿಗೂ ಒಂದು ತಿಂಗಳ ಸೆರೆವಾಸ, 100 ಪೌಂಡ್ ದಂಡ ಬಿತ್ತು. ಮರುವರ್ಷದ ಜನವರಿ 26ರಂದು ಸೈನಿಕರು ಬ್ಲೈಯನ್ನೇ ಪದವಿಯಿಂದ ಇಳಿಸಿದರು. ಪಾಲುದಾರರ ನಡುವಿನ ನಂಬಿಕೆಯೂ ಮುರಿಯಿತು. ಕತ್ತರಿ ಗುರುತು ಹಾಕಿ ಮೊದಲ ದಾವೆ ಗೆದ್ದವನ ವ್ಯಾಪಾರ ಕೋರ್ಟು ವ್ಯಾಜ್ಯಗಳಲ್ಲೇ ಸೊರಗಿತು. 1811ರ ಹೊತ್ತಿಗೆ ಅವನು ಸಿಡ್ನಿ ಬಿಟ್ಟು ಹಾಕ್ಸ್‌ಬರಿ ನದಿಯ ಬದಿಯ ವಿಂಡ್ಸರ್‌ಗೆ ಹೋಗಿ ಅಂಗಡಿ, ಬಿಯರ್ ತಯಾರಿಕೆ ಎಂದು ನೆಲೆಸಿದ. ಒಬ್ಬ ಮಗ ಜೇಮ್ಸ್, ಚೀನಾದಿಂದ ಮರಳುವ ಹಡಗಿನಲ್ಲಿ ಮಲಕ್ಕಾ ಜಲಸಂಧಿಯ ಕಡಲ್ಗಳ್ಳರ ಕೈಯಲ್ಲಿ ಸತ್ತ.

ಸುಸಾನಾಳ ಬಗ್ಗೆ ದಾಖಲೆಗಳು ಹೆಚ್ಚು ಮಾತಾಡುವುದಿಲ್ಲ, ಅದು ನನಗೆ ಬೇಸರದ ಸಂಗತಿ. ಹನ್ನೊಂದು ಮಕ್ಕಳನ್ನು ಹೆತ್ತಳು, ಒಂದನ್ನು ಸೆರೆಮನೆಯಲ್ಲಿ. ಹೋಟೆಲು, ಅಂಗಡಿ, ಕಡಲಿಗೆ ಹೋಗುವ ಗಂಡುಮಕ್ಕಳು, ಇದೆಲ್ಲದರ ನಡುವೆ ಮನೆ ನಡೆಸಿದವಳು ಅವಳು. ದಾವೆಯ ಕಾಗದದಲ್ಲಿ ಗಂಡನ ಗುರುತಿನ ಜೊತೆ ಅವಳ ಗುರುತೂ ಇದೆ. ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಂಗಸಿನ ಆಸ್ತಿ ಗಂಡನ ಕೈಗೆ ಹೋಗುತ್ತಿದ್ದ ಆ ಕಾಲದಲ್ಲಿ, ಆ ಗಂಟು ನನ್ನದೂ ಹೌದು ಎಂದು ಅವಳು ಹಾಕಿದ ಗುರುತು ಅದು.

ಅವಳು 1825ರಲ್ಲಿ ತೀರಿಕೊಂಡಳು. ಹೆನ್ರಿ ಇನ್ನೂ ಇಪ್ಪತ್ತು ವರ್ಷ ಬದುಕಿದ. 1840ರಲ್ಲಿ ನ್ಯೂ ಸೌತ್ ವೇಲ್ಸ್‌ಗೆ ಕೈದಿಗಳನ್ನು ಸಾಗಿಸುವುದನ್ನು ನಿಲ್ಲಿಸಿದಾಗಲೂ ಅವನಿದ್ದ. ಮೊದಲ ಹಡಗುಗಳಲ್ಲಿ ಬಂದವನು ಅದರ ಕೊನೆಯನ್ನೂ ಕಂಡ. 1846ರ ಮಾರ್ಚ್‌ನಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಪಿಟ್ ಟೌನ್‌ನಲ್ಲಿ ಕೊನೆಯುಸಿರೆಳೆದ. ವಿಂಡ್ಸರ್‌ನ ಸೇಂಟ್ ಮ್ಯಾಥ್ಯೂ ಚರ್ಚಿನ ಅಂಗಳದಲ್ಲಿ ಅವನನ್ನು ಮಣ್ಣು ಮಾಡಿದರು. ಆ ಚರ್ಚಿನ ನಕ್ಷೆ ಬರೆದ ಫ್ರಾನ್ಸಿಸ್ ಗ್ರೀನ್‌ವೇ ಕೂಡ ಖೋಟಾ ದಸ್ತಾವೇಜಿಗಾಗಿ ಗಲ್ಲುಶಿಕ್ಷೆ ಪಡೆದು, ಅದು 14 ವರ್ಷದ ಗಡೀಪಾರಿಗೆ ಇಳಿದು ಬಂದವನು.